ಮರ ಹತ್ತುವ ಕಾಲುಕುಣಿಕೆಗೆ ಯಾವ ಗಂಟು ಹಾಕೋಣ?

ಹೋದ ಬೇಸಿಗೆಯಲ್ಲಿ ಮನೆ ಹಿಂದಿನ ಹಲಸಿನ ಮರದಲ್ಲಿ, ನೆಲದಿಂದ ಹದಿನೈದು ಅಡಿ ಮೇಲೆ, ಕಾಲು ಗಂಟೆ ಸುಮ್ನೆ ನೇತಾಡಿಕೊಂಡಿದ್ದೆ. ಬೀಳುವ ಭಯವೇನೂ ಇರಲಿಲ್ಲ. ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿ, ಅಂದರೆ ಹಾರ್ನೆಸ್, ಸರಿ ಇತ್ತು, ಹಗ್ಗ ಸರಿ ಇತ್ತು, ಹಗ್ಗ ಹಾಕಿದ್ದ ಕವಲೂ ಗಟ್ಟಿ ಇತ್ತು. ಕಾಲಿಡುವ ಕುಣಿಕೆ ಮಾತ್ರ ಒಂದು ಗೇಣು ಜಾಸ್ತಿ ಉದ್ದವಾಗಿತ್ತು. ಎಷ್ಟೇ ಜೋರಾಗಿ ಕಾಲೂರಿ ಎದ್ದರೂ ನಾಲ್ಕು ಬೆರಳಿನಷ್ಟು ಮೇಲೆ ಹೋಗುತ್ತಿದ್ದೆ. ಚಿಕ್ಕದು ಮಾಡೋಣ ಅಂದರೆ ಗಂಟು ಮೈಭಾರಕ್ಕೆ ಬಿಗಿದು ಕಗ್ಗಂಟಾಗಿತ್ತು. ಒಂದು ಉಗುರು ಹೋಯಿತು, ಗಂಟು ಬಿಚ್ಚಲಿಲ್ಲ. ಅಷ್ಟರಲ್ಲಿ ಚಗಳಿ ಇರುವೆಗಳಿಗೆ ನನ್ನ ವಿಷಯ ಗೊತ್ತಾಯಿತು. ಕೆಳಗೆ ನಿಂತಿದ್ದ ಅಪ್ಪಯ್ಯ, ‘ಇಳಿ ಮಾರಾಯ, ಹಣ್ಣು ತನ್ನಷ್ಟಕ್ಕೇ ಬೀಳ್ತು ಬಿಡು’ ಅಂದರು.

ಅವತ್ತಿನಿಂದ ಕಾಲುಕುಣಿಕೆಯ ಗಂಟುಗಳನ್ನು ಒಂದೊಂದಾಗಿ ಕಟ್ಟಿ, ಹತ್ತಿ, ಬಿಚ್ಚಿ ನೋಡಿದ್ದೇನೆ. ರಾಮನಗರದ ಬಂಡೆಗಳ ಮೇಲೆ ಕಲಿತ ಗಂಟುಗಳು ಮರದಲ್ಲೂ ಹಾಗೇ ನಡೆಯುತ್ತವೆ ಅಂದುಕೊಂಡಿದ್ದೆ. ಕೆಲವು ನಡೆದವು, ಕೆಲವು ಇಲ್ಲ.

ಮೊದಲೇ ಒಂದು ಮಾತು. ಇದು ತಳೆಯ ಬಗ್ಗೆ ಅಲ್ಲ. ಅಡಿಕೆ, ತೆಂಗಿನ ಮರ ಹತ್ತುವವರು ಎರಡೂ ಪಾದಕ್ಕೆ ಸೇರಿಸಿ ಹಾಕಿಕೊಳ್ಳುವ ತಳೆಯ ಲೆಕ್ಕವೇ ಬೇರೆ. ಅಲ್ಲಿ ಹಿಡಿತ ಸಿಗುವುದು ಮರದ ಮೈಯಿಂದ. ಅದಕ್ಕೆ ಮರ ಸಪೂರ ಇರಬೇಕು, ನಡುವೆ ಕೊಂಬೆ ಇರಬಾರದು. ಇಬ್ಬರು ತಬ್ಬಿದರೂ ಕೈ ಸೇರದ ಹಲಸು, ಮಾವು, ಧೂಪದ ಮರಗಳಿಗೆ ತಳೆ ಪ್ರಯೋಜನವಿಲ್ಲ. ಅಲ್ಲಿ ಮೇಲಿನ ಗಟ್ಟಿ ಕವಲಿಗೆ ಹಗ್ಗ ದಾಟಿಸಿ, ಒಂದು ತುದಿಯನ್ನು ಭದ್ರವಾಗಿ ಕಟ್ಟಿ, ಇನ್ನೊಂದು ಎಳೆಯನ್ನೇ ಏಣಿಯ ಹಾಗೆ ಹತ್ತಬೇಕು. ನಾನು ಹೇಳುತ್ತಿರುವುದು ಅಂಥ ಹಗ್ಗಕ್ಕೆ ಕಟ್ಟಿಕೊಳ್ಳುವ ಕಾಲುಕುಣಿಕೆಯ ಬಗ್ಗೆ.

ಹತ್ತುವ ಕ್ರಮ ಹೀಗೆ. ಹಗ್ಗದ ಮೇಲೆ ಎರಡು ಹಿಡಿಗಂಟು. ಹಿಡಿಗಂಟು ಅಂದರೆ ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ, ಭಾರ ತೆಗೆದಾಗ ಜಾರುವ ಗಂಟು. ಮೇಲಿನದು ಹಾರ್ನೆಸ್ಸಿಗೆ, ಕೆಳಗಿನದು ಕಾಲುಕುಣಿಕೆಗೆ. ಹಾರ್ನೆಸ್ಸಿನಲ್ಲಿ ಕೂತು, ಮೊಣಕಾಲು ಮಡಚಿ, ಕಾಲಿನ ಗಂಟನ್ನು ಮೇಲೆ ಸರಿಸುವುದು. ಕುಣಿಕೆಯಲ್ಲಿ ಎದ್ದು ನಿಲ್ಲುವುದು. ನಿಂತಾಗ ಸಡಿಲವಾದ ಸೊಂಟದ ಗಂಟನ್ನು ಮೇಲೆ ಸರಿಸಿ ಮತ್ತೆ ಕೂರುವುದು. ಕಂಬಳಿಹುಳ ನಡೆಯುವ ಹಾಗೆ.

ಈಗ ಗಂಟಿನ ಪ್ರಶ್ನೆ. ‘ಕಾಲುಕುಣಿಕೆಗೆ ಯಾವ ಗಂಟು ಒಳ್ಳೇದು?’ ಅಂತ ಕೇಳುವವರು, ನಾನೂ ಸೇರಿದಂತೆ, ಒಂದು ತಪ್ಪು ಮಾಡುತ್ತೇವೆ. ಅಲ್ಲಿ ಒಂದಲ್ಲ, ಮೂರು ಕೆಲಸ ಇದೆ. ಮೇಲ್ಗಡೆ ಹಗ್ಗ ಹಿಡಿಯಬೇಕು. ನಡುವೆ ಉದ್ದ ಹೊಂದಿಸಬೇಕು. ಕೆಳಗೆ ಪಾದ ಹಿಡಿಯಬೇಕು. ಮೂರಕ್ಕೂ ಒಂದೇ ಗಂಟು ಹುಡುಕಲು ಹೋದರೆ ಹಲಸಿನ ಮರದಲ್ಲಿ ಕಾಲು ಗಂಟೆ ಖಚಿತ.

ಉದ್ದ ಯಾಕೆ ಇಷ್ಟು ಮುಖ್ಯ

ಕುಣಿಕೆ ಚಿಕ್ಕದಾದಷ್ಟೂ ಒಂದೊಂದು ಸಲ ಏಳುವಾಗ ಹೆಚ್ಚು ಮೇಲೆ ಹೋಗುತ್ತೀರಿ. ಆದರೆ ಮೊಣಕಾಲು ಮಡಚುವುದಕ್ಕೂ ಒಂದು ಮಿತಿ ಇದೆಯಲ್ಲ? ತೀರಾ ಚಿಕ್ಕದಾದರೆ ಮೊಣಕಾಲು ಎದೆಗೆ ಬರುತ್ತದೆ. ಆ ಭಂಗಿಯಿಂದ ಎದ್ದು ನಿಲ್ಲಲು ತೊಡೆಯಲ್ಲಿ ಪೈಲ್ವಾನನ ಕಸುವು ಬೇಕು. ತೀರಾ ಉದ್ದವಾದರೆ ಕಾಲಿನ ಗಂಟು ಹೋಗಿ ಸೊಂಟದ ಗಂಟಿಗೆ ಡಿಕ್ಕಿ ಹೊಡೆಯುತ್ತದೆ, ಮೊಣಕಾಲು ಇನ್ನೂ ಅರ್ಧ ಮಡಚಿರುವುದಿಲ್ಲ. ನನಗೆ ಆಗಿದ್ದು ಅದೇ.

ಐದೂವರೆ ಅಡಿ ಎತ್ತರದ ನನಗೆ, ಪಾದದ ಅಡಿಯಿಂದ ಹಿಡಿಗಂಟಿನವರೆಗೆ ಒಂದೂವರೆ ಮೊಳದ ಆಸುಪಾಸು, ಅಂದರೆ 70 ಸೆಂಟಿಮೀಟರ್ ಹತ್ತಿರ, ಹಿತವಾಗುತ್ತದೆ. ಅದು ಸೊಂಟದ ಗಂಟಿನ ಹುರಿ ಒಂದು ಅಡಿ ಉದ್ದ ಇದ್ದಾಗ. ಆ ಹುರಿ ಬದಲಾದರೆ ಇದೂ ಬದಲಾಗಬೇಕು. ಸರಿಯಾಗಿ ಹೊಂದಿದ ಕುಣಿಕೆಯಲ್ಲಿ ಒಂದು ಸಲಕ್ಕೆ 45 ಸೆಂಟಿಮೀಟರ್ ಏರಬಹುದು. 12 ಮೀಟರ್ ಏರಲು 27 ಸಲ ಎದ್ದು ಕೂತರೆ ಸಾಕು. ಅದೇ 30 ಸೆಂಟಿಮೀಟರಿಗೆ ಇಳಿದರೆ 40 ಸಲ. ಹದಿಮೂರು ಬಸ್ಕಿ ಜಾಸ್ತಿ, ಅದೂ ಗಾಳಿಯಲ್ಲಿ ತೂಗಾಡುತ್ತಾ.

ಇಷ್ಟೇ ಆಗಿದ್ದರೆ ಒಮ್ಮೆ ಅಳತೆ ನೋಡಿ ಗಟ್ಟಿ ಗಂಟು ಹಾಕಿ ಮುಗಿಸಬಹುದಿತ್ತು. ಆದರೆ ಒಂದೇ ಮರದಲ್ಲಿ ಅಳತೆ ಬದಲಾಗುತ್ತದೆ. ಕೆಳಗೆ ಶೂ ಹಾಕಿದ ಕಾಲು ಹುಮ್ಮಸ್ಸಿನಲ್ಲಿ ಚಿಕ್ಕ ಕುಣಿಕೆ ಕೇಳುತ್ತದೆ. ಮೂವತ್ತು ಅಡಿ ಮೇಲೆ ದಣಿದ ಕಾಲು ಸ್ವಲ್ಪ ಉದ್ದ ಕೇಳುತ್ತದೆ. ಎಲ್ಲಕ್ಕಿಂತ ಕಷ್ಟದ ಜಾಗ ಕವಲು. ಹಗ್ಗ ಕವಲಿನ ಮೇಲೆ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಹಿಡಿಗಂಟು ಅಲ್ಲಿಂದ ಮೇಲೆ ಹೋಗುವುದಿಲ್ಲ. ಎದೆ ಕೊಂಬೆಯ ಮಟ್ಟಕ್ಕೆ ಬಂದಿದೆ, ಸೊಂಟ ಇನ್ನೂ ಕೆಳಗೇ ಇದೆ. ಈ ಕೊನೇ ಒಂದು ಮೊಳಕ್ಕೆ ಕುಣಿಕೆ ಇನ್ನೂ ಚಿಕ್ಕದಾಗಬೇಕು. ಹೊಂದಿಸಲು ಬರುವ ಗಂಟು ಬೇಕಾಗುವುದು ಇಲ್ಲಿ. ಅದೂ ಒಂದೇ ಕೈಯಲ್ಲಿ, ಇನ್ನೊಂದು ಕೈ ಕೊಂಬೆ ತಬ್ಬಿಕೊಂಡಿರುವಾಗ.

ಮೊದಲು ಹುರಿ

ಗಂಟಿಗಿಂತ ಮೊದಲು ಹುರಿ ಸರಿ ಇರಬೇಕು. ಬಾವಿಗೆ, ದನಕ್ಕೆ ಅಂತ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಬಣ್ಣಬಣ್ಣದ ಪ್ಲಾಸ್ಟಿಕ್ ಹಗ್ಗ ಬೇಡವೇ ಬೇಡ. ಪೇಟೆಯ ಅಂಗಡಿಯೊಂದರಲ್ಲಿ ‘ಪಕ್ಕಾ ನೈಲಾನ್’ ಅಂತ ಕೊಟ್ಟ ಹುರಿಯನ್ನು ಬಕೆಟ್ ನೀರಿಗೆ ಹಾಕಿದೆ. ತೇಲಿತು. ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ತೇಲುವ ಹುರಿ ನುಣುಪು, ಬಿಸಿಲಿಗೆ ಬೇಗ ಪುಡಿಯಾಗುತ್ತದೆ, 160 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಅದರಲ್ಲಿ ಹಾಕಿದ ಹಿಡಿಗಂಟು ನಂಬಲು ಲಾಯಕ್ಕಲ್ಲ.

ಬಂಡೆ ಹತ್ತುವವರ ಸಾಮಾನು ಮಾರುವಲ್ಲಿ ಸಿಗುವ, ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರುವ ನೈಲಾನ್ ಹುರಿ ತನ್ನಿ. 6 ಮಿಲಿಮೀಟರ್ ಹುರಿ ಹೊಸದಿದ್ದಾಗ ಸುಮಾರು 700 ಕಿಲೋ ಭಾರ ತಡೆಯುತ್ತದೆ. ಗಂಟು ಹಾಕಿದಲ್ಲಿ ಅದು ಕಡಿಮೆಯಾಗುತ್ತದೆ, ಆದರೂ ಮನುಷ್ಯನ ಭಾರಕ್ಕೆ ಸಾಕು. ನಾನು 7 ಮಿಲಿಮೀಟರ್ ಬಳಸುತ್ತೇನೆ. ಬಲಕ್ಕಿಂತ ಹೆಚ್ಚಾಗಿ ಬೆರಳಿಗೆ ಸಿಗಲಿ ಅಂತ. ತೆಳು ಹುರಿಯ ಗಂಟು ಬೆವರಿದ ಕೈಗೆ ಸಿಗುವುದೇ ಇಲ್ಲ.

ಮುಖ್ಯ ಹಗ್ಗಕ್ಕಿಂತ ಹುರಿ ತೆಳ್ಳಗಿರಬೇಕು. 11 ಮಿಲಿಮೀಟರ್ ಹಗ್ಗಕ್ಕೆ 6 ಅಥವಾ 7 ಸರಿ. 5 ಹಾಕಿದರೆ ಕಚ್ಚಿಕೊಂಡು ಬಿಡುವುದಿಲ್ಲ. 10 ಹಾಕಿದರೆ ಸರಿಯಾಗಿ ಕಚ್ಚುವುದೇ ಇಲ್ಲ. ಡೈನೀಮಾ ಅನ್ನುವ ಬಿಳಿ ನುಣುಪು ಹುರಿ ತೂಕಕ್ಕೆ ಉಕ್ಕಿಗಿಂತ ಗಟ್ಟಿ ನಿಜ. ಆದರೆ ಗಂಟಿನಲ್ಲಿ ಜಾರುತ್ತದೆ, 150 ಡಿಗ್ರಿಯ ಒಳಗೇ ಕರಗುತ್ತದೆ. ಹಿಡಿಗಂಟಿಗೆ ಬೇಡ.

ಹಗ್ಗ ಹಿಡಿಯಲು: ಪ್ರೂಸಿಕ್ಕೋ, ಕ್ಲೆಮ್‌ಹೈಸ್ಟೋ?

ಹಿಡಿಗಂಟುಗಳ ಅಜ್ಜ ಪ್ರೂಸಿಕ್. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಜಗತ್ತಿಗೆ ಹೇಳಿದ್ದು. ಹುರಿಯನ್ನು ಬಳೆಯ ಹಾಗೆ ಕಟ್ಟಿ, ಹಗ್ಗದ ಸುತ್ತ ತನ್ನೊಳಗೇ ಮೂರು ಸಲ ಸುತ್ತಿ ಎಳೆಯುವುದು. ಮೇಲೆ ಮೂರು, ಕೆಳಗೆ ಮೂರು, ಒಟ್ಟು ಆರು ಸುತ್ತು ಕಾಣಬೇಕು. ಒಂದರ ಮೇಲೊಂದು ಹತ್ತದೆ ಮುತ್ತಿನ ಸಾಲಿನ ಹಾಗೆ ಕೂತಿರಬೇಕು. ಎರಡೂ ದಿಕ್ಕಿಗೆ ಹಿಡಿಯುತ್ತದೆ, ತಲೆಕೆಳಗಾಗಿ ಹಾಕಿದೆ ಅನ್ನುವ ಭಯ ಇಲ್ಲ. ಅದಕ್ಕೇ ಸೊಂಟದ ಗಂಟಿಗೆ ನಾನು ಇದನ್ನು ಬಿಟ್ಟು ಬೇರೆ ಹಾಕುವುದಿಲ್ಲ.

ಕಾಲಿಗೆ? ಅಲ್ಲಿ ಪ್ರೂಸಿಕ್ಕಿನ ಹಠ ತೊಂದರೆ ಕೊಡುತ್ತದೆ. ಸೊಂಟದ ಗಂಟಿಗೆ ಭಾರ ಮೆಲ್ಲಗೆ ಬೀಳುತ್ತದೆ. ಕಾಲಿನ ಗಂಟಿಗೆ ಪ್ರತಿ ಸಲ ಒದ್ದು ಎದ್ದ ಹಾಗೆ ಬೀಳುತ್ತದೆ. ಹತ್ತು ಸಲ ಎದ್ದು ಕೂರುವಷ್ಟರಲ್ಲಿ ಅದು ಹಗ್ಗಕ್ಕೆ ಬೆಸುಗೆ ಹಾಕಿದ ಹಾಗೆ ಕೂತಿರುತ್ತದೆ. ಸಡಿಲ ಮಾಡಬೇಕಾದರೆ ಗಂಟಿನ ಬೆನ್ನ ಮೇಲೆ ಅಡ್ಡ ಇರುವ ಎಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಂದೆ ತಳ್ಳಬೇಕು. ಮರದ ಮೇಲೆ ಅದನ್ನು ಇಪ್ಪತ್ತೇಳು ಸಲ ಮಾಡಿ ನೋಡಿ, ಹೆಬ್ಬೆರಳು ನಾಳೆಯೂ ನೆನಪಿಸುತ್ತದೆ.

ಕ್ಲೆಮ್‌ಹೈಸ್ಟ್ ಇಲ್ಲಿ ವಾಸಿ. ಅದೇ ಹುರಿಯ ಬಳೆಯನ್ನು ಹಗ್ಗದ ಸುತ್ತ ಕೆಳಗಿನಿಂದ ಮೇಲಕ್ಕೆ ನಾಲ್ಕೈದು ಸುತ್ತು ಸುತ್ತಿ, ಉಳಿದ ಉದ್ದನೆಯ ತುದಿಯನ್ನು ಮೇಲಿನ ಸಣ್ಣ ಕಣ್ಣಿನೊಳಗೆ ತೂರಿಸಿ ಕೆಳಗೆ ಎಳೆಯುವುದು. ಕೆಳಮುಖ ಭಾರಕ್ಕೆ ಮಾತ್ರ ಹಿಡಿಯುತ್ತದೆ. ಕಾಲಿಗೆ ಅಷ್ಟೇ ತಾನೇ ಬೇಕಾಗಿದ್ದು? ಭಾರ ತೆಗೆದು, ಗಂಟನ್ನು ಇಡಿಯಾಗಿ ಮುಷ್ಟಿಯಲ್ಲಿ ಹಿಡಿದು ಮೇಲೆ ತಳ್ಳಿದರೆ ಬರುತ್ತದೆ. ಹುರಿ ಬದಲು ಚಪ್ಪಟೆ ಪಟ್ಟಿ ಇದ್ದರೂ ಇದು ಕೆಲಸ ಮಾಡುತ್ತದೆ. ಚಗಳಿ ಇರುವ ಮರಕ್ಕೆ ನನ್ನ ಮತ ಕಣ್ಣು ಮುಚ್ಚಿ ಕ್ಲೆಮ್‌ಹೈಸ್ಟಿಗೆ. ಆದರೆ ತಲೆಕೆಳಗೆ ಹಾಕಿದರೆ ಹಿಡಿಯುವುದಿಲ್ಲ ಅನ್ನುವುದು ನೆನಪಿರಲಿ.

ಬಾಖ್‌ಮನ್ ಅಂತ ಇನ್ನೊಂದು ಇದೆ. ಕ್ಯಾರಬೀನರ್ ಕೊಕ್ಕೆಯ ಬೆನ್ನನ್ನೂ ಹಗ್ಗವನ್ನೂ ಸೇರಿಸಿ ಹುರಿ ಸುತ್ತುವುದು. ಕೊಕ್ಕೆಯೇ ಹಿಡಿಕೆ, ಸರಿಸಲು ಬಹಳ ಸುಲಭ. ಕೊಕ್ಕೆ ಹಿಡಿದು ಜೋತು ಬಿದ್ದರೆ ಗಂಟು ಜಾರುತ್ತದೆ, ಅದೊಂದು ಅಪಾಯ. ಗಾಬರಿಯಾದಾಗ ಕೈ ಮೊದಲು ಹಿಡಿಯುವುದು ಹಿಡಿಕೆಯನ್ನೇ ಅಲ್ವಾ? ಹಾಗಾಗಿ ಹೊಸಬರಿಗೆ ಬೇಡ ಅಂತೀನಿ.

ಮರದ ಕೆಲಸ ಮಾಡುವವರ ವಲಯದಲ್ಲಿ ಬ್ಲೇಕ್ಸ್ ಹಿಚ್ ಹೆಸರುವಾಸಿ. ಅಮೆರಿಕದ ಜೇಸನ್ ಬ್ಲೇಕ್ 1994ರಲ್ಲಿ ಅದನ್ನು ಮರ ಹತ್ತುವವರಿಗೆ ಪರಿಚಯಿಸಿದರು. ಅದಕ್ಕೂ ಮೊದಲೇ ಆಸ್ಟ್ರಿಯಾದ ಹೈನ್ಸ್ ಪ್ರೊಹಾಸ್ಕಾ ಅದೇ ಗಂಟನ್ನು ಕಂಡುಕೊಂಡಿದ್ದರು. ಬಳೆ ಬೇಡ, ಹುರಿಯ ಒಂದು ಬಿಡಿ ತುದಿ ಸಾಕು. ಒಳ್ಳೆಯ ಗಂಟು, ಆದರೆ ಕಾಲುಕುಣಿಕೆಗೆ ಅದರಿಂದ ವಿಶೇಷ ಲಾಭ ಕಾಣಲಿಲ್ಲ. ವಿ.ಟಿ., ಡಿಸ್ಟೆಲ್ ಮುಂತಾದ ಹಿಡಿಗಂಟುಗಳೂ ಹಾಗೇ. ಸೊಂಟದ ಕಡೆ ಚಿಕ್ಕ ರಾಟೆಯ ಜೊತೆ ಅವು ಬಲು ಚೆಂದ. ಕಾಲಿಗೆ ಹಾಕುವುದು ಎಂದರೆ ಸೊಳ್ಳೆಗೆ ಕೋವಿ ಹಿಡಿದ ಹಾಗೆ.

ದುಡ್ಡಿದ್ದರೆ ಹಿಡಿಕೆಯ ಅಸೆಂಡರ್, ಅಂದರೆ ಹಿಡಿಗಂಟಿನ ಕೆಲಸ ಮಾಡುವ ಲೋಹದ ಸಾಧನ, ತೆಗೆದುಕೊಳ್ಳಿ. ಹಳಬರು ಈಗಲೂ ಎಲ್ಲದಕ್ಕೂ ‘ಜ್ಯೂಮಾರ್’ ಅಂತಲೇ ಕರೆಯುತ್ತಾರೆ. 1958ರಲ್ಲಿ ಸ್ವಿಟ್ಜರ್ಲೆಂಡಿನ ಯೂಸಿ ಮತ್ತು ಮಾರ್ಟಿ ಅನ್ನುವ ಇಬ್ಬರು ಮಾಡಿದ್ದು, ಇಬ್ಬರ ಹೆಸರಿನ ಮೊದಲ ತುಣುಕು ಸೇರಿ ಆ ಹೆಸರು. ಅದರ ಹಲ್ಲು ಹಗ್ಗವನ್ನು ಕಚ್ಚುತ್ತದೆ, ಮೇಲೆ ತಳ್ಳಿದರೆ ಸರಾಗವಾಗಿ ಹೋಗುತ್ತದೆ. ಹಲಸಿನ ಮೇಣ ಹಲ್ಲಿಗೆ ಮೆತ್ತಿದರೆ ಮಾತ್ರ ಹಳೇ ಟೂತ್ ಬ್ರಷ್ ಹಿಡಿದು ಕೂರಬೇಕು. ಆದರೆ ಅದು ಹಗ್ಗ ಹಿಡಿಯುವ ಕೆಲಸ ಮಾತ್ರ ಮಾಡುತ್ತದೆ. ಕುಣಿಕೆಯ ಉದ್ದದ ಪ್ರಶ್ನೆ ಹಾಗೇ ಉಳಿಯುತ್ತದೆ.

ಉದ್ದ ಹೊಂದಿಸಲು: ಇಲ್ಲೇ ಇರುವುದು ಮಜಾ

ಎಲ್ಲರೂ ಮೊದಲು ಹಾಕುವುದು ಟಾಟ್‌ಲೈನ್ ಹಿಚ್. ಡೇರೆಯ ಹಗ್ಗ ಬಿಗಿಯಲು ಸ್ಕೌಟಿನಲ್ಲಿ ಹೇಳಿಕೊಡುವ ಗಂಟು. ಹುರಿಯ ತುದಿಯನ್ನು ತಿರುಗಿಸಿ ತನ್ನದೇ ಮೈ ಮೇಲೆ ಒಳಗಡೆ ಎರಡು ಸುತ್ತು, ಹೊರಗಡೆ ಒಂದು ಸುತ್ತು. ಕೈಯಲ್ಲಿ ಸರಿಸಿದರೆ ಸರಿಯುತ್ತದೆ, ಎಳೆದರೆ ನಿಲ್ಲುತ್ತದೆ. ಕೇಳಲು ಇದೇ ಬೇಕಾಗಿದ್ದು ಅನ್ನಿಸುತ್ತದೆ. ಡೇರೆಯಲ್ಲಿ ಹಗ್ಗ ಸದಾ ಬಿಗಿಯಾಗೇ ಇರುತ್ತದೆ. ಕಾಲುಕುಣಿಕೆಯಲ್ಲಿ ಹಾಗಲ್ಲ. ನಿಂತಾಗ ಎಪ್ಪತ್ತು ಕಿಲೋ, ಕೂತಾಗ ಸೊನ್ನೆ, ಮತ್ತೆ ಎಪ್ಪತ್ತು. ಈ ಬಿಗಿ-ಸಡಿಲ ಆಟದಲ್ಲಿ ಟಾಟ್‌ಲೈನ್ ಒಂದೊಂದು ಸಲಕ್ಕೆ ಅರ್ಧ ಅಂಗುಲ ಜಾರುತ್ತದೆ. ನುಣುಪಾದ ಹೊಸ ಹುರಿಯಲ್ಲಿ ಇನ್ನೂ ಜಾಸ್ತಿ. ಗೊತ್ತೇ ಆಗದ ಹಾಗೆ ಕುಣಿಕೆ ಉದ್ದವಾಗುತ್ತಾ ಹೋಗುತ್ತದೆ. ನಾನು ಹಲಸಿನ ಮರದಲ್ಲಿ ಸಿಕ್ಕಿಬಿದ್ದಿದ್ದು ಹೀಗೇ. ಜಾರುತ್ತದೆ ಅಂತ ಅದರ ಪಕ್ಕ ಒಂದು ಸಾದಾ ಗಂಟು ಒತ್ತಿಗೆ ಹಾಕಿದ್ದೆ. ಟಾಟ್‌ಲೈನ್ ಜಾರಿ ಬಂದು ಅದರ ಮೇಲೆ ಕೂತಿತು, ಎರಡೂ ಸೇರಿ ಕಗ್ಗಂಟು.

ಒಳಗಿನ ಎರಡನೇ ಸುತ್ತನ್ನು ಮೊದಲ ಸುತ್ತಿನ ಮೇಲೆ ಹತ್ತಿಸಿ ಸಿಕ್ಕಿಸಿದರೆ ಅದು ಮಿಡ್‌ಶಿಪ್‌ಮನ್ಸ್ ಹಿಚ್ ಆಗುತ್ತದೆ. ಅದು ಸಾದಾ ಟಾಟ್‌ಲೈನಿಗಿಂತ ಚೆನ್ನಾಗಿ ನಿಲ್ಲುತ್ತದೆ. ಆದರೂ ಕಾಲಿಗೆ ನನ್ನ ಒಪ್ಪಿಗೆ ಇಲ್ಲ.

ಇನ್ನೊಂದು ತುದಿಯಲ್ಲಿರುವುದು ಮೆಟ್ಟಿಲು ಕುಣಿಕೆ. ಹೊಂದಿಸುವ ಗೋಜೇ ಬೇಡ ಅಂತ ಒಂದೇ ಹುರಿಯಲ್ಲಿ ಗೇಣಿಗೊಂದರಂತೆ ಮೂರ್ನಾಲ್ಕು ಕುಣಿಕೆ ಕಟ್ಟಿಬಿಡುವುದು. ಬೇಕಾದ ಮೆಟ್ಟಿಲಿಗೆ ಕಾಲಿಡಿ. ಜಾರುವಂಥದ್ದು ಏನೂ ಇಲ್ಲ, ಕಲಿಯುವಂಥದ್ದೂ ಏನಿಲ್ಲ. ಸಾದಾ ಗಂಟಿನ ಕುಣಿಕೆಗಿಂತ ಬಟರ್‌ಫ್ಲೈ ಕುಣಿಕೆ ಹಾಕಿ, ಎಷ್ಟು ಭಾರ ಬಿದ್ದರೂ ಆಮೇಲೆ ಬಿಚ್ಚಲು ಬರುತ್ತದೆ. ವರ್ಷಕ್ಕೆ ಎರಡು ಸಲ ಮರ ಹತ್ತುವವರಿಗೆ ನಾನು ಹೇಳುವುದು ಇದನ್ನೇ. ತೊಂದರೆ ಎರಡು. ಖಾಲಿ ಕುಣಿಕೆಗಳು ಸಿಕ್ಕ ಸಿಕ್ಕ ಒಣಕಡ್ಡಿಗೆ ತಗಲಿಕೊಳ್ಳುತ್ತವೆ, ಕಾಳುಮೆಣಸಿನ ಬಳ್ಳಿ ಹಬ್ಬಿದ ಮರದಲ್ಲಂತೂ ಕೇಳುವುದೇ ಬೇಡ. ಮತ್ತೆ, ನಿಮಗೆ ಬೇಕಾದ ಅಳತೆ ಯಾವಾಗಲೂ ಎರಡು ಮೆಟ್ಟಿಲಿನ ಮಧ್ಯದಲ್ಲೇ ಇರುತ್ತದೆ.

ಕ್ಲೋವ್ ಹಿಚ್ ಬಗ್ಗೆ ನನಗೆ ಗೌರವ ಇದೆ. ಗೂಟಕ್ಕೆ ದನ ಕಟ್ಟುವಾಗ ಕೈ ತಾನಾಗಿ ಹಾಕುವ ಎರಡು ಸುತ್ತಿನ ಕಟ್ಟು ಗೊತ್ತಲ್ಲ, ಅದೇ ಇದು. ಇಲ್ಲಿ ಗೂಟದ ಬದಲು ಕ್ಯಾರಬೀನರ್. ಕ್ಲೆಮ್‌ಹೈಸ್ಟಿನಿಂದ ಕೆಳಗೆ ಎಳೆದ ತುದಿಗೆ ಕ್ಯಾರಬೀನರ್ ಹಾಕಿ, ಕಾಲಿನಿಂದ ಬರುವ ಹುರಿಯನ್ನು ಅದಕ್ಕೆ ಕ್ಲೋವ್ ಹಿಚ್ ಹಾಕಿ. ಉದ್ದ ಬದಲಿಸಬೇಕಾದಾಗ ಕಾಲಿನ ಭಾರ ತೆಗೆದು ಒಂದು ಕಡೆಯಿಂದ ಹುರಿಯನ್ನು ಗಂಟಿನೊಳಗೆ ತಳ್ಳಿ, ಇನ್ನೊಂದು ಕಡೆಯಿಂದ ಎಳೆಯಿರಿ. ಅಭ್ಯಾಸ ಆದಮೇಲೆ ಒಂದೇ ಕೈ ಸಾಕು. ಹೊಂದಿಸುವ ಜಾಗ ಸೊಂಟದ ಹತ್ತಿರವೇ ಇರುವುದರಿಂದ ಬಗ್ಗಬೇಕಾಗಿಲ್ಲ. ಎರಡು ಎಚ್ಚರ: ಬಾಲ ಎರಡು ಗೇಣಾದರೂ ಉಳಿದಿರಲಿ, ಬಾಲದ ತುದಿಗೆ ತಡೆಗಂಟು ಇರಲಿ. ಇಲ್ಲದಿದ್ದರೆ ಒಂದು ದಿನ ಎಳೆದೂ ಎಳೆದೂ ಹುರಿ ಇಡಿಯಾಗಿ ಕೈಗೆ ಬರುತ್ತದೆ.

ನನ್ನ ಆಯ್ಕೆ ಮಾತ್ರ ಪರ್ಸೆಲ್ ಪ್ರೂಸಿಕ್. ಹಗ್ಗದ ಮೇಲೆ ಸಿಕ್ಕಿಬಿದ್ದವರನ್ನು ಇಳಿಸುವ ರಕ್ಷಣಾ ತಂಡಗಳು ಬಹಳ ಕಾಲದಿಂದ ಬಳಸುತ್ತಿರುವ ಉಪಾಯ. ಹುರಿ ತನ್ನ ಮೈಯನ್ನು ತಾನೇ ಪ್ರೂಸಿಕ್ಕಿನಿಂದ ಹಿಡಿದುಕೊಳ್ಳುತ್ತದೆ. ಕಟ್ಟುವುದು ಹೀಗೆ. ಸುಮಾರು 4 ಮೀಟರ್ ಹುರಿ ತೆಗೆದುಕೊಂಡು ಸರಿಯಾಗಿ ನಡುವಿನಲ್ಲಿ ಮಡಚಿ. ಮಡಚಿದ ಕಡೆಯಿಂದ ಎಡಗೈಯ ಎರಡು ಬೆರಳಿನ ಮೇಲೆ ಮೂರು ಸುತ್ತಿನ ಪ್ರೂಸಿಕ್ ಹಾಕಿ, ಬೆರಳೇ ಮರದ ಹಗ್ಗ ಅಂತ ತಿಳಿದುಕೊಂಡು. ಈಗ ಬೆರಳನ್ನು ಮೆಲ್ಲಗೆ ಹೊರಗೆ ತೆಗೆದು, ಆ ಪೊಳ್ಳಿನೊಳಗೆ ಹುರಿಯ ಎರಡೂ ತುದಿಗಳನ್ನು ಒಟ್ಟಿಗೆ ತೂರಿಸಿ ಎಳೆಯಿರಿ. ಮೇಲ್ಗಡೆ ಎರಡೆಳೆಯ ಒಂದು ಕುಣಿಕೆ ಉಳಿಯುತ್ತದೆ. ಇನ್ನೊಂದು ಕಡೆ ಎರಡು ತುದಿಗಳನ್ನು ಡಬಲ್ ಫಿಶರ್‌ಮನ್ಸ್ ಗಂಟಿನಿಂದ ಸೇರಿಸಿ. ಆಮೇಲೆ ಅಲ್ಲೇ ಒಂದು ಎಂಟರ ಗಂಟು, ಅಂದರೆ 8ರ ಆಕಾರದ ಗಂಟು, ಹಾಕಿ, ಪಾದ ಹೋಗುವಷ್ಟು ಕುಣಿಕೆ ಬಿಡಿ.

ಪುಸ್ತಕಗಳಲ್ಲಿ ಸಾಮಾನ್ಯವಾಗಿ ದೊಡ್ಡ ಜಾರುವ ಕುಣಿಕೆಗೆ ಕಾಲು ಹಾಕಿರುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. ಎಂಟರ ಗಂಟಿನ ಕುಣಿಕೆ ಕಾಲಿಗೆ, ಜಾರುವ ಕುಣಿಕೆ ಮೇಲೆ ಕ್ಯಾರಬೀನರಿಗೆ. ಆಗ ಸರಿಸಬೇಕಾದ ಪ್ರೂಸಿಕ್ ಕೈಯಳತೆಯಲ್ಲೇ ಇರುತ್ತದೆ.

ಮೊದಲ ಸಲ ಇದು ತಲೆ ಕೆಡಿಸುತ್ತದೆ, ಯಾಕೆಂದರೆ ಲೆಕ್ಕ ತಿರುಗುಮುರುಗು. ಮೇಲಿನ ಕುಣಿಕೆಯನ್ನು ಚಿಕ್ಕದು ಮಾಡಿದರೆ ಒಟ್ಟು ಉದ್ದ ಜಾಸ್ತಿಯಾಗುತ್ತದೆ. ದೊಡ್ಡದು ಮಾಡಿದರೆ ಒಟ್ಟು ಉದ್ದ ಕಡಿಮೆಯಾಗುತ್ತದೆ. ಕಾರಣ ಸರಳ. ಕುಣಿಕೆಯಲ್ಲಿ ಹುರಿ ಹೋಗಿ ವಾಪಸ್ ಬರುತ್ತದೆ, ಅಂದರೆ ಒಂದು ಗೇಣು ಉದ್ದದ ಕುಣಿಕೆ ಎರಡು ಗೇಣು ಹುರಿ ತಿನ್ನುತ್ತದೆ. ಕುಣಿಕೆಯಿಂದ ಒಂದು ಗೇಣು ಬಿಟ್ಟುಕೊಟ್ಟರೆ ಕೆಳಗೆ ಎರಡು ಗೇಣು ಬರುತ್ತದೆ. ನಿವ್ವಳ ಲಾಭ ಒಂದು ಗೇಣು. ನನ್ನ ಹುರಿಯಲ್ಲಿ ಸುಮಾರು 60 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹುರಿ ಮೊದಲು ಉದ್ದಕ್ಕೇ ಇಟ್ಟು ಕಟ್ಟಿ ನೋಡಿ, ಆಮೇಲೆ ಕತ್ತರಿಸಿ. ಕತ್ತರಿಸಿದ್ದನ್ನು ಉದ್ದ ಮಾಡುವ ಗಂಟು ಯಾರೂ ಕಂಡುಹಿಡಿದಿಲ್ಲ.

ಒಳಗೆ ಮೂರು ಸುತ್ತಿನ ಪ್ರೂಸಿಕ್ ಇರುವುದರಿಂದ ಬಿಗಿ-ಸಡಿಲ ಆಟಕ್ಕೆ ಟಾಟ್‌ಲೈನಿನ ಹಾಗೆ ಸೋಲುವುದಿಲ್ಲ. ಹೊಸ ಹುರಿಯಲ್ಲಿ ಮೊದಲ ದಿನ ಸ್ವಲ್ಪ ಜಾರಬಹುದು. ಎರಡು ಸಲ ಮರ ಹತ್ತಿ ಕವಚ ಒರಟಾದ ಮೇಲೆ ಸರಿಹೋಗುತ್ತದೆ. ನನ್ನ ಮಗ ನನಗಿಂತ ಮುಕ್ಕಾಲು ಅಡಿ ಎತ್ತರ. ಇಬ್ಬರೂ ಒಂದೇ ಕುಣಿಕೆ ಬಳಸುತ್ತೇವೆ, ಅರ್ಧ ನಿಮಿಷದಲ್ಲಿ ಅವನ ಅಳತೆಗೆ ಬರುತ್ತದೆ. ಕವಲಿನ ಹತ್ತಿರ ಬಂದಾಗ ಕಾಲಿನ ಭಾರ ತೆಗೆದು, ಪ್ರೂಸಿಕ್ಕಿನ ಬೆನ್ನೆಳೆ ಒತ್ತಿ ಕೆಳಕ್ಕೆ ಜಾರಿಸಿದರೆ ಒಟ್ಟು ಉದ್ದ ಕಡಿಮೆಯಾಗುತ್ತದೆ. ಆಗ ಅದನ್ನೇ ಮೆಟ್ಟಿಲು ಮಾಡಿಕೊಂಡು ಕೊಂಬೆ ಮೇಲೆ ಹೊಟ್ಟೆ ಹಾಕುವುದು.

ಬಕಲ್ ಇರುವ ಪಟ್ಟಿಯ ಕಾಲುಕುಣಿಕೆ ಸಿದ್ಧವಾಗಿಯೇ ಸಿಗುತ್ತದೆ. ಪೆಟ್ಜಲ್ ಕಂಪನಿಯ ಫುಟೇಪ್ ಆ ಜಾತಿಯದು. ಎಳೆದರೆ ಚಿಕ್ಕದು, ಬಕಲ್ ಎತ್ತಿದರೆ ಉದ್ದ. ದಿನವೂ ಮರ ಹತ್ತುವವರಿಗೆ ಗಂಟಿಗಿಂತ ಅದೇ ಒಳ್ಳೆಯದು, ಇದರಲ್ಲಿ ಗಂಟಿನ ಅಭಿಮಾನ ಅಡ್ಡ ಬರಬಾರದು.

ಪಾದದ ಕಡೆ

ಬೋಳು ಕುಣಿಕೆಯಲ್ಲಿ ಸುಮ್ನೆ ಪಾದ ಇಟ್ಟರೆ, ಕೂತಾಗಲೆಲ್ಲ ಕುಣಿಕೆ ಪಾದದಿಂದ ಕಳಚಿ ಬೀಳುತ್ತದೆ. ಪ್ರತಿ ಸಲ ಕಾಲಿನಿಂದ ತಡಕಾಡಬೇಕು. ಕುಣಿಕೆಯನ್ನು ಗರ್ತ್ ಹಿಚ್ ಮಾಡಿ, ಅಂದರೆ ತನ್ನೊಳಗೇ ತೂರಿಸಿ ಶೂ ಸುತ್ತ ಬಿಗಿದರೆ ಕಳಚುವುದಿಲ್ಲ. ಆದರೆ ಭಾರ ಬಿದ್ದಷ್ಟೂ ಬಿಗಿಯುತ್ತದೆ. ಬರಿಗಾಲಿಗೆ ಜೀರುಗುಣಿಕೆ ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ಬೆರಳು ಜೋಮು ಹಿಡಿಯುತ್ತದೆ. ಕೊಂಬೆ ಮುಟ್ಟಿದ ಮೇಲೆ ಕಾಲು ಬಿಡಿಸಿಕೊಳ್ಳುವುದೂ ಕಷ್ಟ. ಗಟ್ಟಿ ಅಟ್ಟೆಯ ಶೂ ಇದ್ದರೆ ಮಾತ್ರ ಹಾಕಿ.

ನನಗೆ ಒಗ್ಗಿದ್ದು ಪೈಪಿನ ತುಂಡು. ತೋಟದಲ್ಲಿ ಬಿದ್ದಿರುವ ಹಳೇ ಪೈಪಿನಿಂದ ಪಾದದ ಅಗಲಕ್ಕಿಂತ ಸ್ವಲ್ಪ ಉದ್ದ ಕತ್ತರಿಸಿ, ಕುಣಿಕೆ ಕಟ್ಟುವ ಮೊದಲೇ ಹುರಿಗೆ ಪೋಣಿಸಿಬಿಡಿ. ಕುಣಿಕೆ ರಿಕಾಪಿನ ಹಾಗೆ ಬಾಯಿ ತೆರೆದುಕೊಂಡೇ ಇರುತ್ತದೆ, ಕಾಲು ತಾನಾಗಿ ಸಿಗುತ್ತದೆ, ಹುರಿ ಅಟ್ಟೆಗೆ ಕೊರೆಯುವುದೂ ಇಲ್ಲ. ಎರಡೂ ಪಾದ ಹಿಡಿಸುವಷ್ಟು ದೊಡ್ಡದು ಮಾಡಿದರೆ ಇನ್ನೂ ಸುಖ. ಒಂಟಿ ಕಾಲಲ್ಲಿ ಎದ್ದರೆ ಮೈ ಒಂದು ಕಡೆ ತಿರುಗುತ್ತದೆ.

ಏಳುವಾಗ ಹಿಮ್ಮಡಿ ಕುಂಡಿಯ ಕೆಳಗೇ ಇರಲಿ. ಕಾಲು ಮುಂದೆ ಹೋದರೆ ಮೈ ಹಿಂದೆ ವಾಲುತ್ತದೆ, ಆಗ ಕಾಲಿನ ಕೆಲಸವನ್ನು ತೋಳು ಮಾಡಬೇಕಾಗುತ್ತದೆ. ಗಂಟು ಸರಿ ಇದ್ದೂ ಸುಸ್ತಾಗುವವರ ತೊಂದರೆ ಬಹುತೇಕ ಇದೇ.

ಹತ್ತುವ ಮುಂಚೆ

ಕಾಲುಕುಣಿಕೆ ಮೇಲೆ ಹೋಗಲು ಮಾತ್ರ. ನಿಮ್ಮ ಜೀವ ಇರುವುದು ಹಾರ್ನೆಸ್ಸಿನ ಗಂಟಿನಲ್ಲಿ. ಆದರೂ ನಾನು ಕಾಲಿನ ಹಿಡಿಗಂಟಿನಿಂದ ಹಾರ್ನೆಸ್ಸಿಗೆ ಇನ್ನೊಂದು ಹುರಿ ಹಾಕಿಕೊಳ್ಳುತ್ತೇನೆ. ಮೇಲಿನದು ಜಾರಿದರೆ ಇದು ಹಿಡಿಯಲಿ ಅಂತ. ಅದರ ಜೊತೆಗೆ ಎರಡು ಆಳೆತ್ತರಕ್ಕೊಮ್ಮೆ ಕೆಳಗಿನ ಹಗ್ಗದಲ್ಲಿ ಎಂಟರ ಗಂಟಿನ ಕುಣಿಕೆ ಮಾಡಿ ಹಾರ್ನೆಸ್ಸಿಗೆ ಸಿಕ್ಕಿಸುವುದು. ಹಗ್ಗ ಒದ್ದೆ ಇದ್ದರೆ ಹಿಡಿಗಂಟು ಯಾವುದೇ ಇರಲಿ, ನಂಬಿಕೆ ಅರ್ಧಕ್ಕೆ ಇಳಿಸಿ. ಮಳೆಗಾಲದಲ್ಲಿ ನಾನು ಹತ್ತುವುದೇ ಇಲ್ಲ, ಪಾಚಿ ಹಿಡಿದ ಕೊಂಬೆ ಮೇಲೆ ಯಾವ ಗಂಟಿಗೂ ಕೆಲಸವಿಲ್ಲ.

ಇಳಿಯುವುದು ಹೇಗೆ ಅಂತ ಹತ್ತುವ ಮೊದಲೇ ಗೊತ್ತಿರಬೇಕು. ಈ ಗಂಟುಗಳನ್ನು ಒಂದೊಂದಾಗಿ ಕೆಳಗೆ ಸರಿಸಿ ಇಳಿಯಬಹುದು, ಆದರೆ ಹತ್ತಿದ್ದಕ್ಕಿಂತ ಎರಡು ಪಟ್ಟು ಹೊತ್ತು ಬೇಕು. ಕೆಳಗೆ ಒಬ್ಬರು ಇರಲೇಬೇಕು. ಹಾರ್ನೆಸ್ಸಿನಲ್ಲಿ ಅಲುಗಾಡದೆ ತುಂಬ ಹೊತ್ತು ನೇತಾಡಿದರೆ ಕಾಲಿನ ರಕ್ತ ಮೇಲೆ ಬರದೆ ಪ್ರಜ್ಞೆ ತಪ್ಪಬಹುದು. ನಾನು ಕಾಲು ಗಂಟೆ ನೇತಾಡಿದ ದಿನ ಇದು ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕಾಲುಕುಣಿಕೆಯಲ್ಲಿ ಆಗಾಗ ಎದ್ದು ನಿಲ್ಲುವುದೇ ಔಷಧಿ.

ಹೊಸ ಗಂಟನ್ನು ಮೊದಲು ಜಗಲಿಯ ತೊಲೆಗೆ ಹಗ್ಗ ಕಟ್ಟಿ, ನೆಲದಿಂದ ಒಂದು ಅಡಿ ಮೇಲೆ ಐವತ್ತು ಸಲ ಎದ್ದು ಕೂತು ನೋಡಿ. ಸುಣ್ಣದ ಕಡ್ಡಿಯಿಂದ ಹುರಿಯ ಮೇಲೆ ಗುರುತು ಹಾಕಿಟ್ಟರೆ ಎಷ್ಟು ಜಾರಿತು ಅಂತ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಟಾಟ್‌ಲೈನ್ ಐವತ್ತಕ್ಕೆ ಮುಂಚೆಯೇ ಸೋತಿತು, ಕ್ಲೋವ್ ಹಿಚ್ ಕೂದಲೆಳೆಯಷ್ಟು ಸರಿಯಿತು, ಪರ್ಸೆಲ್ ಗುರುತಿನ ಮೇಲೇ ಇತ್ತು. ಹಲಸಿನ ಮೇಣ ಹತ್ತಿದ ಹುರಿಗೆ ಮಾತ್ರ ಎಣ್ಣೆ ಹಚ್ಚಬೇಡಿ. ಕೈಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆಯನ್ನೂ ಸೋಪು ಹಾಕಿ ತೊಳೆದ ಮೇಲೇ ಹುರಿ ಮುಟ್ಟಿ.